ಕೊಕ್ಕರೆ ಕಾಲೂರಿದ ನೆಲ

ಚಿಕ್ಕಬೋರಯ್ಯ ಹಾರೆಯ ಮೊನೆಯನ್ನು ಎರಡು ಟೈಲ್ಸುಗಳ ನಡುವಿನ ಸಂದಿಗೆ ಇಟ್ಟು, “ಇಲ್ಲಿ ಒಂದೇಟು ಬುಡ್ಲಾ ನಾಗೇಶ” ಎನ್ನುವಷ್ಟರಲ್ಲಿ ಶೋಭಾರಾಣಿ ಒಳಗಿನಿಂದ ಬಂದು ಅದೇ ಟೈಲ್ಸಿನ ಮೇಲೆ ಎರಡೂ ಕಾಲೂರಿ ನಿಂತುಕೊಂಡಳು.

“ಒಡೀಬೇಡಿ ಮಾವ.”

“ಅತ್ಲಾಗೆ ಸರ್ಕೊಳವ್ವ. ಆರೆ ಕಾಲ್ ಮ್ಯಾಲೆ ಬೀಳ್ತದೆ.”

“ಬೀಳ್ಲಿ.”

ನಾಗೇಶ ಸುತ್ತಿಗೆ ಹಿಡಿದುಕೊಂಡು ಹೆಂಡತಿಯ ಮುಖವನ್ನೊಮ್ಮೆ, ಚಿಕ್ಕಪ್ಪನ ಮುಖವನ್ನೊಮ್ಮೆ ನೋಡಿದ. ಜಗುಲಿಯ ಗೋಡೆಗೆ ಒರಗಿ ಕೂತಿದ್ದ ಅವನ ತಾಯಿ ಶಿವನಂಜಮ್ಮ ಮಾತ್ರ ಯಾರ ಕಡೆಯನ್ನೂ ನೋಡಲಿಲ್ಲ. ಗಲ್ಲಕ್ಕೆ ಬಿಳಿ ಬಟ್ಟೆ ಕಟ್ಟಿ, ಕೊರಳಿಗೆ ಸೇವಂತಿಗೆ ಹಾರ ಹಾಕಿ ಅವರನ್ನು ಕೂರಿಸಿದ್ದರು. ಹಿಂದಿನ ಸಂಜೆ ಅವರೆಕಾಳಿನ ಸಾರಲ್ಲಿ ಮುದ್ದೆ ಉಂಡು, “ಉಪ್ಪು ಒಂಚೂರು ಮುಂದಾಯ್ತು ಕಣೆ” ಎಂದು ಸೊಸೆಗೆ ಹೇಳಿ ಮಲಗಿದವರು ಬೆಳಿಗ್ಗೆ ಎದ್ದಿರಲಿಲ್ಲ. ಎಂಬತ್ತು ದಾಟಿದ ಜೀವ. ನೋಡಲು ಬಂದವರು ಅತ್ತು, ಮೂಗೊರೆಸಿಕೊಂಡು, “ಪುಣ್ಯಾತ್ಗಿತ್ತಿ, ಯಾರ ಕೈಲೂ ಒಂದ್ ಲೋಟ ನೀರು ಕೇಳ್ದಂಗೆ ಓದ್ಲು” ಎಂದು ಮೆಚ್ಚಿ, ಶಾಮಿಯಾನದ ಕೆಳಗೆ ಕುರ್ಚಿ ಹುಡುಕಿಕೊಳ್ಳುತ್ತಿದ್ದರು.

“ನೋಡು ಶೋಬಾ,” ಚಿಕ್ಕಬೋರಯ್ಯ ಹಾರೆಯನ್ನು ಕೋಲಿನಂತೆ ಊರಿಕೊಂಡರು. ಶಿವನಂಜಮ್ಮನ ಮೈದುನ, ಮನೆತನಕ್ಕೆ ಈಗ ಅವರೇ ಹಿರಿಯರು. “ನಮ್ ಮನೇಲಿ ಕೊನೇ ನೀರು ಉಯ್ಯೋವಾಗ ಎಣದ ಕಾಲು ಮಣ್ಣಿಗೆ ಊರ್ಬೇಕು. ಉಯ್ದ ನೀರು ಅಲ್ಲೇ ಮಣ್ಣಿಗೆ ಇಳೀಬೇಕು. ನಮ್ಮಪ್ಪಂಗೂ ಅಂಗೇ ಮಾಡಿದ್ದು, ನಿನ್ ಮಾವಂಗೂ ಅಂಗೇ ಮಾಡಿದ್ದು. ನೀವು ನೋಡುದ್ರೆ ಗೇಟಿಂದ ಬಾಗ್ಲಗಂಟ ಒಂದ್ ಇಡಿ ಮಣ್ ಕಾಣ್ದಂಗೆ ಟೈಲ್ಸು ಆಕ್ಸಿದ್ದೀರಿ. ಇದರ ಮ್ಯಾಲೆ ನೀರು ಉಯ್ದ್ರೆ ಸೀದಾ ಚರಂಡಿಗೆ ಓಯ್ತದೆ. ನಮ್ಮತ್ಗೆ ಚರಂಡಿಗೆ ಓಗ್ಬೇಕಾ?”

“ಒಂದು ಬಾಂಡ್ಲಿ ಮಣ್ಣು ತಂದು ಕಾಲಡಿಗೆ ಹಾಕಿದ್ರೆ?” ನಾಗೇಶ ಕೇಳಿದ.

“ಬಾಡಿಗೆ ಮಣ್ಣೇನ್ಲಾ?”

“ಬೀದೀಲಿ?”

“ಬೀದಿಗೆ ಪಂಚಾಯ್ತಿಯೋರು ಕಾಂಕ್ರೀಟ್ ಆಕವ್ರೆ.”

“ಹಿತ್ತಲಲ್ಲಿ ಮಣ್ಣೇ ಇದೆ ಮಾವ,” ಎಂದಳು ಶೋಭಾರಾಣಿ.

“ಮುಂಬಾಗ್ಲಲ್ಲಿ ಬಂದ ಸೊಸೇನ ಇತ್ಲಲ್ಲಿ ಕಳಿಸ್ತೀಯಾ?”

ಶೋಭಾರಾಣಿ ಟೈಲ್ಸಿನ ಮೇಲಿಂದ ಕಾಲು ತೆಗೆಯಲಿಲ್ಲ. “ಮೋಹಿನಿ ಬರ್ಲಿ. ಮಗಳು ಬರೋಕೆ ಮುಂಚೆ ಅಂಗಳ ಅಗೆಯೋದು ಬೇಡ,” ಎಂದಳು. ಶಿವನಂಜಮ್ಮನ ಮಗಳು ಮೋಹಿನಿ ಮಳವಳ್ಳಿಯಿಂದ ಹೊರಟು ಮಂಡ್ಯ ತಲುಪಿದ್ದಾಳೆಂದು ಫೋನು ಬಂದಿತ್ತು. ಚಿಕ್ಕಬೋರಯ್ಯ ಬಿಸಿಲನ್ನು ನೋಡಿದರು. “ಬರ್ಲಿ. ಆದ್ರೆ ಒತ್ತು ಮುಳುಗೋದ್ರೊಳಗೆ ಮಣ್ಣು ಮಾಡ್ಬೇಕು, ಗ್ಯಾಪಕ ಮಡಿಕೊ.” ಹಾರೆಯನ್ನು ಕಾಂಪೌಂಡಿಗೆ ಒರಗಿಸಿ ಎಲೆಅಡಿಕೆ ಬಿಚ್ಚಿದರು.

ಶೋಭಾರಾಣಿ ಜಗುಲಿಯ ಹೆಂಗಸರ ನಡುವೆ ಹೋಗಿ ಅತ್ತೆಯ ಪಕ್ಕ ಕೂತಳು. ಅಕ್ಕಪಕ್ಕದ ಮನೆಗಳ ಕಾಮಾಕ್ಷಮ್ಮ ಮತ್ತು ಮಾಯಮ್ಮ ಅಲ್ಲಿದ್ದರು. ಮಾಯಮ್ಮನ ಕೈ ಕೆಂಪಾಗಿತ್ತು. ಶಿವನಂಜಮ್ಮ ದಿನಾ ಬಿಡುತ್ತಿದ್ದ ಕೊಕ್ಕರೆಯ ರಂಗೋಲಿ ಸಾವಿನ ಮನೆಯ ಮುಂದೆ ಇರಬಾರದೆಂದು ಬೆಳಿಗ್ಗೆಯಿಂದ ಅಂಗಳವನ್ನು ಸಗಣಿ ನೀರು ಹಾಕಿ ಉಜ್ಜಿದ್ದಳು.

“ಓಗಾಕಿಲ್ಲ ಕಣಮ್ಮ,” ಎಂದಳು ಮಾಯಮ್ಮ. “ನೀರಿದ್ದಾಗ ಓಯ್ತು ಅನ್ನಂಗೆ ಕಾಣ್ತದೆ. ಒಣಗುದ್ ತಕ್ಷಣ ಮತ್ತೆ ಎದ್ದು ನಿಂತ್ಕತದೆ ಕೊಕ್ಕರೆ.”

“ದಿನಾ ಅಲ್ಲೇ ಬುಟ್ಟು ಬುಟ್ಟು ಒಳಿಕೇ ಇಳಿದೋಗದೆ,” ಎಂದರು ಕಾಮಾಕ್ಷಮ್ಮ. “ನೆಲವೇನದು, ರಾಗಿ ಬೀಸೋ ಕಲ್ಲು. ಒಂದ್ ಕಿತಾ ಕೂತಿದ್ದಕ್ಕೆ ನನ್ ಸೀರೆ ಜೂಲೆದ್ದೋಯ್ತು.”

“ನಿಮ್ ಸೀರೆ ಬುಡಿ. ನಮ್ ಮೊಮ್ಮಗನ ಮಂಡಿ ನೋಡಿ.”

“ಜಾರ್ದಾ?”

“ಜಾರ್ನಿಲ್ಲ. ತರ್ಚ್ಕೊಂಡ.”

ಇಬ್ಬರೂ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಶೋಭಾರಾಣಿಗೂ ನಗು ಬಂತು. ಅದರ ಹಿಂದೆಯೇ ಅಳು ಬಂತು. ಅತ್ತೆಯ ತಣ್ಣನೆಯ ಪಾದದ ಮೇಲೆ ಅವಳು ಕೈಯಿಟ್ಟಳು. ಅಂಗೈಗೆ ಹಿಮ್ಮಡಿಯ ಬಿರುಕು ಚುಚ್ಚಿತು.

*

ಎರಡು ವರ್ಷದ ಹಿಂದೆ, ಆ ಪಾದಗಳೇ ಟೈಲ್ಸು ಆರಿಸಿದ್ದವು.

ಹಳೆಯ ಅಂಗಳದಲ್ಲಿ ಇದ್ದದ್ದು ಕಲ್ಲು ಚಪ್ಪಡಿ. ಮಳೆಗಾಲದಲ್ಲಿ ಪಾಚಿ ಕಟ್ಟುತ್ತಿತ್ತು. ಮಂಡ್ಯದ ಸಹಕಾರ ಬ್ಯಾಂಕಿನಲ್ಲಿ ಕೆಲಸದಲ್ಲಿದ್ದ ಶೋಭಾರಾಣಿ ಬೆಳಗಿನ ರೈಲಿಗೆ ಯಲಿಯೂರು ಸ್ಟೇಷನ್ನಿನತ್ತ ಓಡುವಾಗ ಅದೇ ಪಾಚಿಯ ಮೇಲೆ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಿದ್ದಳು. ಕೈಗೆ ಪಟ್ಟಿ ಹಾಕಿದ್ದಷ್ಟು ದಿನ ಅವಳ ತಲೆ ಬಾಚಿದ್ದು ಶಿವನಂಜಮ್ಮ. ಕಣ್ಣು ಮೇಲಕ್ಕೆ ಎಳೆಯುವಷ್ಟು ಬಿಗಿಯಾಗಿ ಜಡೆ ಹಾಕಿ, “ರೈಲು ನಾಳೀಕೂ ಬತ್ತದೆ. ಕೈ ಬರಾಕಿಲ್ಲ,” ಎನ್ನುತ್ತಿದ್ದರು. ಪಟ್ಟಿ ಬಿಚ್ಚಿದ ವಾರವೇ ನಾಗೇಶನನ್ನು ಕರೆದು, “ಅಂಗಳ ಕಿತ್ತಾಕ್ಸು. ಆದ್ರೆ ನೆಲ ನಾನ್ ನೋಡ್ತೀನಿ,” ಎಂದರು.

ನಾನ್ ನೋಡ್ತೀನಿ. ಆ ಮಾತನ್ನು ಅವರ ಬಾಯಲ್ಲಿ ಶೋಭಾರಾಣಿ ಅದಕ್ಕೂ ಮುಂಚೆ ಕೇಳಿರಲಿಲ್ಲ. ಗಂಡನನ್ನು ನೋಡಿದ್ದು ಅವರಪ್ಪ. ಮನೆ ಕಟ್ಟಿಸಿದ್ದು ಮಾವ. ಹಬ್ಬದ ಸೀರೆ ತರುತ್ತಿದ್ದದ್ದು ಮೊದಲು ಗಂಡ, ಆಮೇಲೆ ಮಗ. ಬಣ್ಣ ಯಾವುದಿದ್ದರೂ “ಚೆನ್ನಾಗೈತೆ” ಎಂದು ಉಟ್ಟವರು.

ಮಂಡ್ಯದ ನೂರಡಿ ರಸ್ತೆಯ ಅಂಗಡಿಯಲ್ಲಿ ಶೋಭಾರಾಣಿ ಕೆನೆಬಣ್ಣದ, ಮುಖ ಕಾಣುವಷ್ಟು ಹೊಳೆಯುವ ಟೈಲ್ಸಿನ ಮುಂದೆ ನಿಂತಿದ್ದಳು. ಮಳವಳ್ಳಿಯಲ್ಲಿ ಮೋಹಿನಿ ಅಂಥದ್ದೇ ಹಾಕಿಸಿದ್ದಳು. ಅಂಗಡಿಯ ಹುಡುಗಿ ವೀಣ, “ಅದು ಹಾಲ್‌ಗೆ ಮೇಡಂ. ಹೊರಗಡೆಗೆ ಜಾರದಿರೋ ಪೋರ್ಸಲೇನ್ ತೋರಿಸ್ತೀನಿ. ನೀರು ಕುಡಿಯಲ್ಲ, ಪಾಚಿಗೂ ಜಾಗ ಕೊಡಲ್ಲ,” ಎಂದು ಒಳಗೆ ಕರೆದೊಯ್ದಳು. ಸಾಲಾಗಿ ಜೋಡಿಸಿದ್ದ ಟೈಲ್ಸುಗಳ ಹಿಂದೆ ಒಂಬತ್ತು, ಹತ್ತು, ಹನ್ನೊಂದು, ಹನ್ನೆರಡು ಎಂದು ಅಂಕಿಗಳಿದ್ದವು. ಅಂಕಿ ಏರಿದಷ್ಟೂ ಜಾರುವುದು ಕಡಿಮೆ ಎಂದಳು ವೀಣ.

“ನಂಬರ್ರು ನನ್ ಕಾಲಿಗೆ ಗೊತ್ತಾಗಾಕಿಲ್ಲ ಕಣವ್ವ,” ಎಂದು ಶಿವನಂಜಮ್ಮ ಕೈಚೀಲದಿಂದ ಒಂದು ಬಾಟ್ಲಿ ತೆಗೆದರು. ಒಳಗೆ ಬೂದುಬಣ್ಣದ ಗಟ್ಟಿ ನೀರಿತ್ತು.

“ಏನಜ್ಜಿ ಅದು?”

“ಮುದ್ದೆ ಪಾತ್ರೆ ನೆನೆಹಾಕಿದ್ ನೀರು. ಬರೀ ನೀರಿಗೆ ಯಾವನ್ ಜಾರ್ತಾನೆ? ನಮ್ಮಂಗಳದಲ್ಲಿ ಬೀಳೋದು ಇದು. ಇದರ ಮ್ಯಾಲೆ ನಿಂತ್ರೆ ಅದು ನೆಲ.”

ಶೋಭಾರಾಣಿ ಸುತ್ತ ನೋಡಿದಳು. ಬ್ಯಾಂಕಿನ ಗಿರಾಕಿಗಳು ಯಾರಾದರೂ ಇರಬಹುದೆಂಬ ಭಯ ಅವಳಿಗೆ. ವೀಣ ಮಾತ್ರ ಬಾಗಿ ಟೈಲ್ಸುಗಳನ್ನು ನೆಲಕ್ಕೆ ಹಾಸಿಕೊಟ್ಟಳು. ಶಿವನಂಜಮ್ಮ ಬಾಟ್ಲಿ ಸುರಿದು, ಸೀರೆಯನ್ನು ಮೊಣಕಾಲವರೆಗೆ ಎತ್ತಿ ಕಟ್ಟಿ, ಗದ್ದೆಯ ಬದುವಿನ ಮೇಲೆ ನಡೆಯುವಂತೆ ಒಂದೊಂದರ ಮೇಲೂ ನಡೆದರು. ಒಂಬತ್ತರ ಮೇಲೆ ಜಾರಿ ವೀಣಳ ಭುಜ ಹಿಡಿದುಕೊಂಡರು. ಹತ್ತರ ಮೇಲೆ ತಲೆಯಾಡಿಸಿದರು. ಹನ್ನೊಂದರ ಮೇಲೆ ಸುಮ್ಮನೆ ನಿಂತರು. ಕೊನೆಯದರ ಮೇಲೆ ಎರಡು ಸಲ ಕುಣಿದರು.

“ಅದು ಹನ್ನೆರಡು ಅಜ್ಜಿ, ಕಾರ್ಖಾನೆಗಳಿಗೆ ಹಾಕೋದು. ಮನೆಗೆ ಹನ್ನೊಂದು ಸಾಕು. ಇದರಲ್ಲಿ ಕೊಳೆ ಕೂತ್ರೆ ಬಿಡಲ್ಲ, ಗುಡಿಸೋಕೆ ಕಷ್ಟ ಆಗುತ್ತೆ.”

“ನಮ್ಮನೇನೂ ಕಾರ್ಖಾನೇನೆ ಕಣವ್ವ. ಬೆಳಗಿಂದ ಸಂಜೆಗಂಟ ನಿಲ್ಲಾಕಿಲ್ಲ.”

“ಯಾರು ಓಡಾಡ್ತಾರೆ ಜಾಸ್ತಿ? ನೀವಾ?”

“ನಾನು ಕೊಕ್ಕರೆ ಬೆಳ್ಳೂರಲ್ಲಿ ಉಟ್ಟೋಳು. ಕೊಕ್ಕರೆಗಳು ಮರ ತುಂಬ ಕೂತು ಅಂಗಳಕ್ಕೆಲ್ಲ ಸುಣ್ಣ ಬಳಿದಂಗೆ ಇಕ್ಕೆ ಆಕೋವು. ಅದರ ಮ್ಯಾಲೆ ನೀರಿನ ಬಿಂದಿಗೆ ಒತ್ಕೊಂಡು ನಡ್ದಿವ್ನಿ, ಒಂದಿನ ಬಿದ್ದಿಲ್ಲ. ಇದು ನಮ್ ಸೊಸೆಗೆ. ಅವಳ ಕಣ್ಣು ರೈಲಿನ ಮ್ಯಾಲೆ ಇರ್ತದೆ, ನೆಲದ ಮ್ಯಾಲೆ ಇರಾಕಿಲ್ಲ.”

ವೀಣ ನಕ್ಕಳು. ಶೋಭಾರಾಣಿಗೆ ಅವಮಾನವಾಗಿ ಮಂಡ್ಯದಿಂದ ಊರಿನವರೆಗೂ ಅತ್ತೆಯೊಡನೆ ಮಾತಾಡಲಿಲ್ಲ.

ವೀಣ ಹೇಳಿದ್ದೇ ನಿಜವಾಯಿತು. ಪೊರಕೆಗಳು ಬೇಗ ಬೇಗ ಸವೆದವು. ಸೊಪ್ಪಿನ ದಂಟು, ಕಾಫಿ ಕಲೆ, ಎಲ್ಲವೂ ಆ ಒರಟಿನಲ್ಲಿ ಮನೆ ಮಾಡಿದವು. ಶಿವನಂಜಮ್ಮ ಒಪ್ಪಿಕೊಳ್ಳಲಿಲ್ಲ. ಸಂತೆಯಲ್ಲಿ ಗುಟ್ಟಾಗಿ ಗಟ್ಟಿ ಬ್ರಷ್ಷು ಕೊಂಡು, ಸೊಸೆ ರೈಲು ಹತ್ತಿದ ಮೇಲೆ ಉಜ್ಜುತ್ತಿದ್ದರು. ಗಂಡ ತೀರಿಕೊಂಡ ಮೇಲೆ ರಂಗೋಲಿ ಬಿಡುವುದನ್ನು ನಿಲ್ಲಿಸಿದ್ದವರು ಆ ನೆಲ ಬಂದ ಮೇಲೆ ಮತ್ತೆ ಶುರುಮಾಡಿದರು. ದಿನವೂ ಅದೇ ಜಾಗದಲ್ಲಿ, ಒಂಟಿಯಾಗಿ ನಿಂತ ಉದ್ದ ಕಾಲಿನ ಕೊಕ್ಕರೆ. “ಈ ವಯಸ್ಸಲ್ಲಿ ಯಾತಕ್ಕಂತೆ ರಂಗೋಲಿ?” ಎಂದು ಬೀದಿಯಲ್ಲಿ ಯಾರೋ ಅಂದಾಗ, “ನೆಲ ನಂದು ಕಣಮ್ಮ, ನಾನ್ ಆರಿಸಿದ್ದು,” ಎಂದಿದ್ದರು.

*

ಮೋಹಿನಿ ಗೇಟಿನಿಂದಲೇ ಅಳುತ್ತ ಬಂದು ತಾಯಿಯ ಮಡಿಲಿಗೆ ಬಿದ್ದಳು. ಅತ್ತು ಮುಗಿದ ಮೇಲೆ ಚಿಕ್ಕಬೋರಯ್ಯ ವಿಷಯ ಹೇಳಿದರು. ಅವಳು ಅತ್ತಿಗೆಯ ಕಡೆ ತಿರುಗಿದಳು.

“ಅವ್ವನ ಕಾಲಿಗಿಂತ ಟೈಲ್ಸು ಎಚ್ಚಾ ಅತ್ತಿಗೆ?”

ಶೋಭಾರಾಣಿ ಬಾಯಿ ತೆರೆದಳು. ಹೇಗೆ ಹೇಳುವುದು? ನಿಮ್ಮವ್ವ ಹುಟ್ಟಿದಾಗಿನಿಂದ ತಾನಾಗಿ ಆರಿಸಿದ್ದು ಇದೊಂದನ್ನೇ, ಅದನ್ನು ಅವರ ಕಣ್ಣೆದುರಿಗೇ ಒಡೆದು ಕಳಿಸಬೇಡಿ ಎಂದರೆ ಇಷ್ಟು ಜನರ ನಡುವೆ ಅದು ಏನೆಂದು ಕೇಳಿಸೀತು? ಟೈಲ್ಸಿನ ಆಸೆಗೆ ಅತ್ತೆಯ ಶಾಸ್ತ್ರ ಕೆಡಿಸಿದ ಸೊಸೆ ಎಂದು ಎದ್ದು ಹೋಗುತ್ತಾರೆ.

“ಹೆಚ್ಚಲ್ಲ ಮೋಹಿನಿ,” ಎಂದಳು ಕೊನೆಗೆ. “ಅವರು ಪ್ರೀತಿಯಿಂದ ಹಾಕಿಸಿದ್ದು.”

“ಒಡ್ದಿದ್ದು ಮತ್ತೆ ಆಕಿಸ್ಬೋದು. ಅವ್ವಂಗೆ ಮತ್ತೆ ನೀರು ಉಯ್ಯಾಕಾಯ್ತದಾ?”

ಅದೂ ನಿಜವೇ. ಶೋಭಾರಾಣಿ ಅತ್ತೆಯ ಪಾದದಿಂದ ಕೈ ತೆಗೆದಳು. ನಾಗೇಶ ಅವಳನ್ನು ನೋಡದೆ ಸುತ್ತಿಗೆ ಎತ್ತಿಕೊಂಡ.

“ಬಾಗ್ಲಿಗೆ ನೇರಕ್ಕೆ ಇರ್ಬೇಕು,” ಎಂದು ಚಿಕ್ಕಬೋರಯ್ಯ ಹಾರೆ ಹಿಡಿದು ಹೊಸ್ತಿಲಿನಿಂದ ಗೇಟಿನ ಕಡೆಗೆ ಜಾಗ ಅಳೆಯುತ್ತ ನಡೆದರು. ನಡುವೆ ಒಂದು ಟೈಲ್ಸಿನ ಮೇಲೆ ಕಾಲಿಟ್ಟರು.

ಟಕ್.

“ಇದೊಂದು ಅಲ್ಲಾಡ್ತದೆ,” ಎಂದು ಬೈದುಕೊಂಡು ಮುಂದೆ ಹೆಜ್ಜೆಯಿಟ್ಟರು. ಕಾಲೆತ್ತಿದಾಗ ಮತ್ತೊಮ್ಮೆ ಟಕ್.

ಶೋಭಾರಾಣಿ ಎದ್ದು ನಿಂತಳು.

*

ಆ ಟಕ್ ಅವಳಿಗೆ ಎರಡು ವರ್ಷದಿಂದ ಪರಿಚಯ. ಅಂಗಳಕ್ಕೆಲ್ಲ ನೆಟ್ಟಗೆ ಕೂತ ಟೈಲ್ಸುಗಳ ನಡುವೆ ಅದೊಂದು ಮಾತ್ರ ಹಲ್ಲು ಅಲ್ಲಾಡಿದಂತೆ ಅಲ್ಲಾಡುತ್ತಿತ್ತು. ಟೈಲ್ಸು ಕೂರಿಸಿದ ಅಂಬರೀಶ್ ಅದೇ ಊರಿನವನು. ಅವನು ಬೀದಿಯಲ್ಲಿ ಸಿಕ್ಕಾಗಲೆಲ್ಲ, “ಏನಪ್ಪ ನಿನ್ನ ಕೆಲಸ? ಒಂದು ಟೈಲ್ಸು ಸರಿಯಾಗಿ ಕೂರಿಸೋಕೆ ಬರಲ್ವಾ?” ಎಂದು ಅವಳು ಕೇಳುತ್ತಿದ್ದಳು. “ಬತ್ತೀನಿ ಅಕ್ಕ, ಬಂದು ಸರಿ ಮಾಡ್ತೀನಿ,” ಎಂದು ಅವನು ತಲೆ ಕೆರೆದುಕೊಳ್ಳುತ್ತಿದ್ದ. ಬರುತ್ತಿರಲಿಲ್ಲ.

ಒಂದು ಭಾನುವಾರ ಅವಳೇ ಸಿಮೆಂಟು ಕಲಸಿಕೊಂಡು ಕೂತಾಗ ಶಿವನಂಜಮ್ಮ ಬಂದು ಬಾಂಡ್ಲಿ ಕಸಿದುಕೊಂಡಿದ್ದರು.

“ಇರ್ಲಿ ಬುಡು. ಅದುಕ್ಕೂ ಒಂದು ಕೆಲ್ಸ ಐತೆ.”

“ಏನು ಕೆಲಸ ಅತ್ತೆ?”

“ನೀನ್ ಬಂದಿದ್ದು ಗೊತ್ತಾಯ್ತದೆ.”

ಅದು ಸುಳ್ಳಾಗಿರಲಿಲ್ಲ. ಸಂಜೆಯ ರೈಲು ಇಳಿದು ಬಂದು ಅವಳು ಆ ಟೈಲ್ಸು ತುಳಿದಳೆಂದರೆ ಒಳಗೆ ಕಾಫಿ ಪಾತ್ರೆ ಒಲೆ ಮೇಲೆ ಕೂತ ಸದ್ದು ಕೇಳುತ್ತಿತ್ತು. ಟೈಲ್ಸಿನ ಕೆಲಸ ಅದೇ ಎಂದು ಅವಳು ಅಂದುಕೊಂಡಿದ್ದಳು.

*

“ಮಾವ, ಒಂದ್ನಿಮಿಷ. ಅಲ್ಲೇ ನಿಲ್ಲಿ.”

ಅವಳು ಇಳಿದು ಹೋಗಿ ಅಲ್ಲಾಡುವ ಟೈಲ್ಸಿನ ಮುಂದೆ ಕುಕ್ಕರಗಾಲಲ್ಲಿ ಕೂತಳು. ಬಾಗಿಲಿಗೆ ನೇರವಾಗಿತ್ತು. ಸುತ್ತಲಿನ ಸಂದಿಯಲ್ಲಿ ಸಿಮೆಂಟು ಇರಲಿಲ್ಲ; ಮಣ್ಣಿತ್ತು. ಹೊಲದಲ್ಲಿ ಹೂಳಲು ಗುಣಿ ತೆಗೆದು ಮುಗಿಸಿ ಬಂದ ಅಂಬರೀಶ್ ಅದೇ ಹೊತ್ತಿಗೆ ಗೇಟಿನಲ್ಲಿ ಕಾಣಿಸಿಕೊಂಡ. ಮೊಣಕಾಲವರೆಗೂ ಕೆಮ್ಮಣ್ಣು.

“ಅಂಬರೀಶಾ, ಈ ಟೈಲ್ಸಿಗೆ ಸಿಮೆಂಟು ಹಾಕಿದ್ಯಾ?”

ಅವನು ಹಾರೆಯನ್ನು ನೋಡಿದ, ಸುತ್ತಿಗೆಯನ್ನು ನೋಡಿದ. ಅವನಿಗೆ ಎಲ್ಲ ಅರ್ಥವಾಯಿತು.

“ಅಯ್ಯೋ, ಏನಾರ ಒಡುದ್ಬುಟ್ರಾ?”

“ಇಲ್ಲ. ಹೇಳು.”

“ಆಕಿಲ್ಲ ಅಕ್ಕ. ಅಜ್ಜಿ ಆಕಿಸ್ನಿಲ್ಲ. ‘ಇದೊಂದ್ರ ಅಡಿಗೆ ಸಿಮೆಂಟು ಬ್ಯಾಡ, ಜಲ್ಲೀನೂ ಬ್ಯಾಡ, ಬರೀ ಮಣ್ಣಿರ್ಲಿ. ಇದು ನನ್ ಕಾಲಿಗೆ’ ಅಂದ್ರು. ಜಾಗಾನೂ ಅವರೇ ನಿಂತು ನೋಡುದ್ರು.”

“ಮತ್ತೆ ನನಗೆ ಯಾಕೆ ಹೇಳ್ಲಿಲ್ಲ? ಎಷ್ಟು ಬೈದಿದ್ದೀನಿ ನಿನ್ನ.”

“ಏಳ್ಬ್ಯಾಡ ಅಂದಿದ್ರು. ‘ಗೊತ್ತಾದ್ರೆ ನಮ್ ಶೋಬಾ ಅದರ ಮ್ಯಾಲೆ ಕಾಲಿಡಾಕೆ ಎದುರ್ತಾಳೆ. ದಿನಾ ಸುತ್ತಾಕೊಂಡು ಓಗೋದ್ರಲ್ಲಿ ರೈಲು ತಪ್ಪಿಸ್ಕೊತಾಳೆ. ನೀನು ಬೈಸ್ಕೊ’ ಅಂದ್ರು.” ಅಂಬರೀಶ್ ತಲೆ ಕೆರೆದುಕೊಂಡ. “ಬೈಸ್ಕೊಂಡೆ.”

ಮೊದಲು ನಕ್ಕಿದ್ದು ಚಿಕ್ಕಬೋರಯ್ಯ. ನಗುತ್ತ ನಗುತ್ತ ಜಗುಲಿಯ ಕಡೆ ತಿರುಗಿ, “ಅತ್ಗೆ, ಗಟ್ಟಿಗಿತ್ತಿ ಕಣಮ್ಮ ನೀನು. ನಂಗೆ ಆರೆ ಎತ್ತಾಕೂ ಬುಡ್ನಿಲ್ಲ,” ಎಂದರು. ಮೋಹಿನಿ ಬಂದು ಅತ್ತಿಗೆಯ ಪಕ್ಕ ಕೂತಳು. ಅವಳ ತೋಳಿಗೆ ಹಣೆ ಒತ್ತಿದಳು.

ಹಾರೆಯ ಮೊನೆಯನ್ನು ಸಂದಿಗೆ ಹಾಕಿ ಮೀಟಿದ್ದಷ್ಟೇ, ಟೈಲ್ಸು ಡಬ್ಬಿಯ ಮುಚ್ಚಳದಂತೆ ಮೇಲೆದ್ದಿತು. ಕೆಳಗೆ ಕಪ್ಪನೆಯ ತಣ್ಣನೆ ಮಣ್ಣು. ಒಂದು ಎರೆಹುಳ ಬಿಸಿಲು ಕಂಡು ಬೇಸರದಿಂದ ಒಳಗೆ ಸರಿಯಿತು.

ಶಿವನಂಜಮ್ಮನನ್ನು ಮಣೆಯ ಮೇಲೆ ಕೂರಿಸಿ ಪಾದಗಳನ್ನು ಆ ಮಣ್ಣಿಗೆ ಊರಿಸಿದರು. ಸೀಗೆಕಾಯಿ, ಅರಿಶಿನ, ಹಂಡೆಯ ಬಿಸಿನೀರು. ಮಗ ಉಯ್ದ, ಮಗಳು ಉಯ್ದಳು, ಮೈದುನ ಉಯ್ದರು. ಶೋಭಾರಾಣಿ ತಲೆಗೂದಲನ್ನು ಬಾಚಿ ಗಂಟು ಕಟ್ಟಿದಳು, ಅತ್ತೆ ತನಗೆ ಹಾಕುತ್ತಿದ್ದ ಜಡೆಯಷ್ಟೇ ಬಿಗಿಯಾಗಿ. ಬಿಂದಿಗೆ ಹಿಡಿದ ಜನ ಸೀಗೆಯ ಲೋಳೆಯಲ್ಲಿ ಬರಿಗಾಲಲ್ಲಿ ಸುತ್ತು ಬಂದರು. ದಪ್ಪಗಿದ್ದ ಕಾಮಾಕ್ಷಮ್ಮ ಮೊದಮೊದಲು ಹೆದರಿ ಮಾಯಮ್ಮನ ಸೆರಗು ಹಿಡಿದಿದ್ದರು. ಆಮೇಲೆ ಬಿಟ್ಟು ಸಲೀಸಾಗಿ ನಡೆದರು.

“ಬೆನ್ನಿಗೆ ಸರ್ಯಾಗಿ ಉಯ್ರಿ,” ಎಂದಳು ಮಾಯಮ್ಮ. “ಇಲ್ಲಾಂದ್ರೆ ಎದ್ದು ಬೈತಾಳೆ.”

ನೀರು ಪಾದದ ಬೆರಳ ಸಂದಿಯಿಂದ ಇಳಿದು ಗುಳುಗುಳು ಎಂದು ಮಣ್ಣಿನೊಳಗೆ ಹೋಯಿತು.

*

ಹೊಲದಲ್ಲಿ ಗಂಡನ ಪಕ್ಕಕ್ಕೆ ಶಿವನಂಜಮ್ಮನನ್ನು ಮಣ್ಣು ಮಾಡಿ ಎಲ್ಲರೂ ಮರಳಿದಾಗ ಬಿಸಿಲು ಇನ್ನೂ ಒಂದಿಷ್ಟು ಉಳಿದಿತ್ತು. ಕಾಮಾಕ್ಷಮ್ಮ, ಮಾಯಮ್ಮ ಅಂಗಳ ತೊಳೆದು, ಟೈಲ್ಸನ್ನು ವಾಪಸು ಮುಚ್ಚಿ, ದೀಪ ಹಚ್ಚಿಟ್ಟಿದ್ದರು. ಬಂದವರು ಗೇಟಿನಲ್ಲಿ ಕಾಲು ತೊಳೆದುಕೊಂಡು, ದೀಪ ನೋಡಿ, ಅಲ್ಲಲ್ಲಿ ಕೂತರು.

“ನಾಳೀಕೆ ಬಂದು ಸಿಮೆಂಟು ಆಕಿ ಕೂರಿಸ್ಬುಡ್ತೀನಿ ಅಕ್ಕ,” ಎಂದ ಅಂಬರೀಶ್. “ಇನ್ಮ್ಯಾಲೆ ಬೈಸ್ಕೊಳಾಕೆ ಆಗಾಕಿಲ್ಲ.”

“ಬೇಡ. ಹಂಗೇ ಇರ್ಲಿ.”

“ಯಾಕತ್ತಿಗೆ,” ಎಂದಳು ಮೋಹಿನಿ, “ಮುಂದಿನ ಸೀಟು ರಿಸರ್ವಾ?”

“ಹೂಂ. ನೀನು ಕೇಳಿದ್ರೂ ಕೊಡಲ್ಲ.”

ನಾಗೇಶ ಬೆಳಗಿನಿಂದ ಮೊದಲ ಸಲ ನಕ್ಕ. ಬೆಂಗಳೂರಿನ ಕಡೆಯ ರೈಲು ಊರಾಚೆ ಕೂಗಿಕೊಂಡು ಹೋಯಿತು.

ತೊಳೆದ ಅಂಗಳ ಗೇಟಿನ ಕಡೆಯಿಂದ ಒಣಗುತ್ತ ಬರುತ್ತಿತ್ತು. ಒದ್ದೆಯಿದ್ದಾಗ ಕಪ್ಪಾಗಿದ್ದ ನೆಲ ಬೂದಿಬಣ್ಣಕ್ಕೆ ತಿರುಗಿದಂತೆ, ಮಾಯಮ್ಮ ಉಜ್ಜಿ ಉಜ್ಜಿ ಸೋತಿದ್ದ ಬಿಳಿಗೆರೆ ಮೆಲ್ಲಗೆ ಮೇಲೆದ್ದಿತು. ಮೊದಲು ಕೊಕ್ಕು, ಆಮೇಲೆ ಕತ್ತು, ಆಮೇಲೆ ರೆಕ್ಕೆ. ಕೊನೆಗೆ ಒಣಗಿದ್ದು ಅಲ್ಲಾಡುವ ಟೈಲ್ಸು.

ಮೋಹಿನಿ ಅತ್ತಿಗೆಯನ್ನು ತಿವಿದಳು. “ಅಲ್ನೋಡಿ.”

ಟೈಲ್ಸನ್ನು ಹಿಂದುಮುಂದಾಗಿ ಮುಚ್ಚಿದ್ದರು. ಕೊಕ್ಕರೆಯ ಕಾಲುಗಳೆರಡೂ ಹೊಟ್ಟೆಯಿಂದ ಬಿಡಿಸಿಕೊಂಡು, ಪಾದ ಮೇಲೆ ಮಾಡಿ ನಿಂತಿದ್ದವು.

“ಅವ್ವ ನೋಡಿದ್ರೆ ಸುಮ್ನಿರ್ತಿದ್ಳಾ?” ಮೋಹಿನಿ ಬಾಯಿಗೆ ಸೆರಗು ತುರುಕಿಕೊಂಡಳು.

ಶೋಭಾರಾಣಿ ಕಾಂಪೌಂಡಿಗೆ ಒರಗಿಸಿದ್ದ ಹಾರೆ ತಂದು ಟೈಲ್ಸನ್ನು ಮೀಟಿದಳು. ನಾದಿನಿ ಒಂದು ತುದಿ ಹಿಡಿದಳು, ಅವಳು ಇನ್ನೊಂದು. ಇಬ್ಬರೂ ಟೈಲ್ಸನ್ನು ಎತ್ತಿ, ಇನ್ನೂ ಒದ್ದೆಯಿದ್ದ ಮಣ್ಣಿನ ಮೇಲೆ ತಿರುಗಿಸಿ ಇಳಿಸಿದರು. ಗೆರೆಗೆ ಗೆರೆ ಕೂಡುವವರೆಗೆ ಶೋಭಾರಾಣಿ ಅಂಗೈಯಿಂದ ಒಂಚೂರು ಅತ್ತ, ಒಂಚೂರು ಇತ್ತ ಸರಿಸಿದಳು. ಕೊಕ್ಕರೆ ಕಾಲೂರಿ ನಿಂತಿತು.

ಮೋಹಿನಿ ಒಳಗೆ ಹೋದಳು. ಶೋಭಾರಾಣಿ ಎದ್ದು ಕೈ ಒರೆಸಿಕೊಂಡು, ಸುತ್ತುಹಾಕದೆ, ಅದರ ಮೇಲೇ ಕಾಲಿಟ್ಟು ಬಾಗಿಲ ಕಡೆ ನಡೆದಳು.

ಟಕ್.

“ಬಂದ್ರಾ ಅತ್ತಿಗೆ?” ಒಳಗಿನಿಂದ ಮೋಹಿನಿ ಕೂಗಿದಳು. “ಕಾಮಾಕ್ಷಮ್ಮೋರ ಮನೆಯಿಂದ ಕಾಫಿ ಬಂದೈತೆ.”